ಬಿದ್ದದ್ದು ತಿಳಿನೀರು, ಸಿಡಿದದ್ದು ನೀಲಿ

ದಾಳಿಂಬೆಯ ದುಂಡಾಣು ಅಂಗಮಾರಿ, ಅಂದರೆ ಬ್ಯಾಕ್ಟೀರಿಯಾದಿಂದ ಎಲೆ, ಕಾಯಿಗೆ ಬರುವ ಚುಕ್ಕೆ ರೋಗ, ಮಳೆಹನಿಯ ಸಿಡಿತದಿಂದ ಹರಡುತ್ತದೆ ಅನ್ನುವುದು ನಮ್ಮ ಹುನಗುಂದ ಸೀಮೆಯ ಬೆಳೆಗಾರರಿಗೆ ಹೊಸ ಮಾತಲ್ಲ. ಆದರೆ ಸಿಡಿಯುವುದು ಯಾವ ನೀರು? ಮೇಲಿಂದ ಬಿದ್ದದ್ದೋ, ಎಲೆಯ ಮೇಲೆ ಮೊದಲೇ ನಿಂತದ್ದೋ? ಅದನ್ನು ಕಣ್ಣಾರೆ ನೋಡಲೇಬೇಕು ಅನ್ನಿಸಿತು.

ಕಿಟಕಿ ಗಾಜಿನ ತುಂಡು, ಔಷಧದ ಡ್ರಾಪರ್, ನೀಲಿ ಶಾಯಿ, ಬಿಳಿ ಹಾಳೆ, ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಇಷ್ಟೇ ಸಾಮಾನು. ಸ್ಲೋ ಮೋಷನ್‌ಗೆ ಬೆಳಕು ಬಹಳ ಬೇಕು, ಹಾಗಾಗಿ ಮಟಮಟ ಮಧ್ಯಾಹ್ನ ಅಂಗಳದಲ್ಲೇ ಕೂತೆ. ಡ್ರಾಪರನ್ನು ಗಾಜಿನಿಂದ ಒಂದೂವರೆ ಅಡಿ ಮೇಲೆ ಕಟ್ಟಿದೆ. ಅಲ್ಲಿಂದ ಬಿದ್ದ ಹನಿ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಬಡಿಯುತ್ತದೆ. ದಪ್ಪ ಮಳೆಹನಿಯ ವೇಗ ಇದರ ಮೂರು ಪಟ್ಟು.

ಒಣ ಗಾಜಿನ ಮೇಲೆ ಹನಿ ಬಡಿದ ರೊಟ್ಟಿಯಂತೆ ಅಗಲವಾಗಿ ಹರಡಿತು, ಅಷ್ಟೇ. ಆಮೇಲೆ ಅದೇ ಗಾಜಿಗೆ ಶಾಯಿ ನೀರನ್ನು ತೆಳ್ಳಗೆ ಸವರಿ, ಅದೇ ಎತ್ತರದಿಂದ ತಿಳಿನೀರಿನ ಹನಿ ಬಿಟ್ಟೆ. ಬಡಿದ ಜಾಗದ ಸುತ್ತ ನೀರಿನ ಗೋಡೆ ಎದ್ದಿತು. ಅದರ ಅಂಚು ದಪ್ಪಗಾಯಿತು, ಅಂಚಿನಿಂದ ಮುಳ್ಳುಮುಳ್ಳಾಗಿ ಎಳೆಗಳು ಚಾಚಿದವು, ಎಳೆಯ ತುದಿಗಳು ಕಡಿದು ಸಣ್ಣ ಹನಿಗಳಾಗಿ ಹೊರಕ್ಕೆ ಹಾರಿದವು. ಕಿರೀಟ ಅನ್ನುವುದು ಇದನ್ನೇ. ಮೊಬೈಲಿನ ಕೆಲವೇ ಚಿತ್ರಗಳಲ್ಲಿ ಎಲ್ಲ ಮುಗಿದಿತ್ತು. ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ ಇದನ್ನು ಕತ್ತಲ ಕೋಣೆಯಲ್ಲಿ, ವಿದ್ಯುತ್ ಕಿಡಿಯ ಒಂದು ಕ್ಷಣದ ಬೆಳಕಿನಲ್ಲಿ ಕಂಡು, ಮೊದಮೊದಲು ಕೈಯಿಂದಲೇ ಚಿತ್ರ ಬರೆಯುತ್ತಿದ್ದನಂತೆ. ಆ ತಾಳ್ಮೆಗೆ ಕೈ ಮುಗಿಯಬೇಕು.

ಒಣ ಗಾಜಿನ ಮೇಲೆ ಹರಡುವ ನೀರಿಗೆ ಅಡ್ಡಿಯಿಲ್ಲ. ಹಸಿ ಗಾಜಿನ ಮೇಲೆ ಅದು ನಿಂತ ನೀರಿಗೆ ಗುದ್ದುತ್ತದೆ. ಮುಂದೆ ದಾರಿಯಿಲ್ಲದೆ ಎರಡೂ ಸೇರಿ ಮೇಲೇಳುತ್ತವೆ. ತುಂಬಿದ ಬಟ್ಟಲಿನಲ್ಲೂ ನೋಡಿದೆ: ಅಲ್ಲಿ ಕುಳಿ ಬಿದ್ದು, ಅದು ಮುಚ್ಚುವಾಗ ನಡುವಿನಿಂದ ಕಂಬದಂತೆ ನೀರು ನೆಟ್ಟಗೆ ಚಿಮ್ಮುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಇದ್ದದ್ದು ಗಾಜಿನ ಸುತ್ತ ಹಾಸಿದ್ದ ಹಾಳೆಯ ಮೇಲೆ. ಬಿಟ್ಟ ಹನಿಗೆ ಬಣ್ಣವಿರಲಿಲ್ಲ, ಹಾಳೆಯ ತುಂಬ ನೀಲಿ ಚುಕ್ಕೆ. ಅವ್ವ ಹಾಳೆ ಎತ್ತಿ ನೋಡಿ, "ತಮ್ಮಾ, ಹಂಗಾರ ಈ ಚುಕ್ಕಿ ಎಲ್ಲಾ ರೋಗ ಅಂದಂಗಾತಲ್ಲೋ" ಅಂದಳು. ಹೌದು. ರೋಗದ ಎಲೆಯ ಮೇಲೆ ನಿಂತ ನೀರನ್ನೇ ಮುಂದಿನ ಹನಿ ಎತ್ತಿ ಪಕ್ಕದ ಕಾಯಿಗೆ ಎಸೆಯುತ್ತದೆ.

ಅಂದಿನಿಂದ ಎಲೆ ಆರುವವರೆಗೆ ಯಾರನ್ನೂ ತೋಟಕ್ಕೆ ಇಳಿಸುವುದಿಲ್ಲ. ನೆಲಕ್ಕೆ ತಾಗುವ ಟೊಂಗೆ ಸವರಿಸುತ್ತೇನೆ, ಉದುರಿದ ಎಲೆ ಆರಿಸಿ ಸುಡಿಸುತ್ತೇನೆ. ಮಳೆಗಾಲದ ಶುರುವಿನಲ್ಲಿ ಹೂ ಬಿಡಿಸುವ ಮೃಗ ಬಹಾರ ಬಿಟ್ಟು, ಮಳೆ ಮುಗಿಯುವ ಹೊತ್ತಿಗೆ ಹೂ ಬಿಡಿಸುವ ಹಸ್ತ ಬಹಾರಕ್ಕೆ ಹೊರಳಿದ್ದೇನೆ, ಕಾಯಿ ಬಲಿಯುವ ಕಾಲ ಮಳೆಗೆ ಸಿಗಬಾರದೆಂದು. ಗಿಡದ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲು ಹಲವರು ಹೇಳಿದರು. ಅದರ ಮೇಲೆ ನೀರು ತೆಳ್ಳಗೆ ನಿಲ್ಲುತ್ತದೆ, ನನ್ನ ಗಾಜಿನ ಹಾಗೆಯೇ. ನಾನು ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಹಾಸಿದ್ದೇನೆ. ಅದರ ಸಂದಿಯಲ್ಲಿ ನೀರು ಇಳಿದುಹೋಗುತ್ತದೆ, ಬಿದ್ದ ಹನಿಗೆ ಎತ್ತಿ ಎಸೆಯಲು ಹೆಚ್ಚೇನೂ ಸಿಗುವುದಿಲ್ಲ.