ಮಡ್‌ಗಾರ್ಡ್ ಇಲ್ಲದ ಕಾರು

ನಮ್ಮ ಮನೆಯ ಅಡಿಕೆ ಕೊಟ್ಟಿಗೆಯ ಸಿಮೆಂಟ್ ನೆಲದಲ್ಲಿ ಕೆಂಪು ಬಣ್ಣದ 22 ಚುಕ್ಕೆಗಳಿವೆ. ಒಂದೊಂದರ ಪಕ್ಕ ಒಂದು ಸಂಖ್ಯೆ. ಅಡಿಕೆ ಸುಲಿಯಲು ಬಂದವರು ‘ಇದೇನು, ಅರ್ಧಕ್ಕೆ ಬಿಟ್ಟ ರಂಗೋಲಿಯಾ?’ ಅಂತ ಕೇಳುತ್ತಾರೆ. ಅದು 1998ರ ಒಂದು ಮಾರುತಿ 800ರ ಜಾತಕ. ಆ ಕಾರು ಈಗಿಲ್ಲ. ಅದರ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಬ್ರೇಕು ಎಲ್ಲ ಸೇರಿ ಒಂಟಿ ಸೀಟಿನ ಒಂದು ಬಂಡಿಯಾಗಿದೆ. ನಾಲ್ಕೂ ಚಕ್ರ ಮೈಯಿಂದ ಆಚೆ ಚಾಚಿಕೊಂಡಿವೆ. ಊರಲ್ಲಿ ಅದಕ್ಕೆ ‘ಟಿಲ್ಲರ್’ ಅಂತಲೇ ಹೆಸರು.

ಈ ಹುಚ್ಚು ನನಗೇ ಮೊದಲು ಹಿಡಿದದ್ದೇನಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಇದೇ 800ರ ಎಂಜಿನ್ ಇಟ್ಟುಕೊಂಡು, ಕಡಿಮೆ ಖರ್ಚಿನಲ್ಲಿ ಫಾರ್ಮುಲಾ ಮಾರುತಿ ಎಂಬ ರೇಸ್ ಕಾರು ಮಾಡಿದ್ದರು. ಆಮೇಲೆ ಫಾರ್ಮುಲಾ ಒನ್ ತನಕ ಹೋದ ನಾರಾಯಣ್ ಕಾರ್ತಿಕೇಯನ್ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲಿ ರೇಸಿಗೆ ಮೊದಲು ಇಳಿದದ್ದೂ ಆ ಕಾರಿನಲ್ಲೇ. ಅವರದ್ದು ಫ್ಯಾಕ್ಟರಿ ಕೆಲಸ. ನನ್ನದು ಭಾನುವಾರದ ಕೆಲಸ, ಎರಡು ವರ್ಷ ಹಿಡಿಯಿತು.

ಕಾರು ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ. ಆರು ಮಳೆಗಾಲ ಹಲಸಿನ ಮರದ ಕೆಳಗೆ ನಿಂತಿತ್ತು. ಫ್ಲೋರ್ ಪೂರ್ತಿ ತುಕ್ಕು, ಮ್ಯಾಟ್ ಎತ್ತಿದರೆ ಹುಲ್ಲು ಕಾಣುತ್ತಿತ್ತು. 18,000 ರೂಪಾಯಿಗೆ ತಂದೆ. ತರುವ ಮೊದಲು ಓನರ್ ಕೈಯಲ್ಲೇ ಆರ್‌ಸಿ ರದ್ದು ಮಾಡಿಸಿದೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇನ್ನೊಂದು ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಬಂಡಿ ರಸ್ತೆಗೆ ಇಳಿಯುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನೇ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿದೆ. ನಾನು ಓಡಿಸುವುದು ನಮ್ಮ ಕಣದಲ್ಲಿ, ಆಮೇಲೆ ಪರಿಚಯದವರ ಒಂದು ಖಾಲಿ ಗದ್ದೆಯಲ್ಲಿ. ಅಲ್ಲಿಗೂ ಪಿಕಪ್ ಮೇಲೆ ಹೇರಿಕೊಂಡೇ ಹೋಗುತ್ತೇನೆ.

ಓಮ್ನಿ ಯಾಕೆ ತರಲಿಲ್ಲ ಅಂತ ಸುಮಾರು ಜನ ಕೇಳಿದರು. ಅದರಲ್ಲೂ ಇದೇ 796 ಸಿಸಿ ಎಂಜಿನ್ನು, ಮೇಲಾಗಿ ಹಿಂದಿನ ಚಕ್ರಕ್ಕೆ ಪವರ್. ಆದರೆ ಅದರಲ್ಲಿ ಹಿಂದಕ್ಕೆ ಪವರ್ ಒಯ್ಯುವ ಪ್ರೊಪೆಲರ್ ಶಾಫ್ಟ್ ಉದ್ದಕ್ಕೆ ಬರುತ್ತದೆ, ನಾವು ಅದರ ಮೇಲೆ ಕೂರಬೇಕು. 800ರಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಅಡ್ಡಕ್ಕೆ ಒಂದೇ ಗಂಟು. ಆ ಗಂಟನ್ನು ಮುಂದಿನಿಂದ ಎತ್ತಿ ಡ್ರೈವರ್ ಬೆನ್ನ ಹಿಂದೆ ಇಟ್ಟರೆ ಮುಗಿಯಿತು. ಎತ್ತುವಾಗ ಮುಖ ತಿರುಗಿಸಬಾರದು, ಅಷ್ಟೇ. ಹಿಂದುಮುಂದಾಗಿ ಕೂರಿಸಿದರೆ ನಾಲ್ಕು ರಿವರ್ಸ್ ಗೇರು, ಒಂದು ಫಾರ್ವರ್ಡ್!

ಈಗ ಚುಕ್ಕೆಗಳ ವಿಷಯ. ಕಾರು ಕಟ್ಟುವುದು ಅಂದರೆ ಜನ ವೆಲ್ಡಿಂಗ್ ಅಂದುಕೊಳ್ಳುತ್ತಾರೆ. ನಾನು ಮೊದಲ ಹನ್ನೊಂದು ಭಾನುವಾರ ಒಂದು ಬೋಲ್ಟೂ ಬಿಚ್ಚಲಿಲ್ಲ. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ತಂದು, ನೀರಿನ ಗೆರೆ ನೋಡಿ ನಾಲ್ಕೂ ಮೂಲೆ ಸಮ ಮಾಡಿದೆ. ಆಮೇಲೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಕೂರುವ ಬೋಲ್ಟು, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಸ್ಟ್ರಟ್‌ನ ತಲೆ, ಸ್ಟಿಯರಿಂಗ್ ರಾಕಿನ (ಸ್ಟಿಯರಿಂಗ್ ತಿರುಗಿಸಿದಾಗ ಎಡಬಲಕ್ಕೆ ಸರಿಯುವ ಹಲ್ಲಿನ ರಾಡು) ಎರಡು ತುದಿ, ಎಂಜಿನ್ ಮೌಂಟಿಂಗು, ಹೀಗೆ ಒಂದೊಂದರಿಂದಲೂ ತೂಗುಗುಂಡು ಇಳಿಬಿಟ್ಟೆ. ಗುಂಡು ಅಲ್ಲಾಡದೆ ನಿಲ್ಲುವ ತನಕ ಕಾದು, ಮೊನೆ ತಾಗಿದ ಕಡೆ ಚಾಕ್‌ಪೀಸ್ ಗುರುತು. ಪಕ್ಕದಲ್ಲಿ ನೆಲದಿಂದ ಅದರ ಎತ್ತರ, ಮಿಲಿಮೀಟರಿನಲ್ಲಿ. ಸಂಜೆ ಕೋಳಿಗಳು ಓಡಾಡಿ ಎರಡು ಗುರುತು ಅಳಿಸಿದವು. ಮರುದಿನವೇ ಪೇಂಟ್ ತಂದೆ.

ಇಷ್ಟು ಒದ್ದಾಟ ಯಾಕೆಂದರೆ, ಸಸ್ಪೆನ್ಷನ್ನಿನ ಅಳತೆಯನ್ನು ಕಂಪನಿಯ ಎಂಜಿನಿಯರುಗಳು ಆಗಲೇ ಲೆಕ್ಕ ಹಾಕಿಟ್ಟಿದ್ದಾರೆ. ಅದನ್ನು ಹಾಗೇ ಎತ್ತಿಕೊಂಡರೆ ನನಗೆ ಆ ಲೆಕ್ಕವೇ ಬೇಡ. ಹಿಂಭಾಗದಲ್ಲಿ ಹಾಗೇ ಮಾಡಿದೆ. 800ರ ಮುಂದಿನ ಸ್ಟ್ರಟ್, ನಕಲ್ (ಚಕ್ರದ ಹಬ್ಬು, ಬೇರಿಂಗು ಕೂರುವ ಗಟ್ಟಿ ತುಂಡು), ಆಕ್ಸೆಲ್, ಲೋಯರ್ ಆರ್ಮ್ ಎಲ್ಲ ಅದೇ ಚುಕ್ಕೆ, ಅದೇ ಎತ್ತರದಲ್ಲಿ ಹಿಂದಕ್ಕೆ ಬಂದವು. ಸ್ಟೆಬಿಲೈಜರ್ ರಾಡನ್ನೂ ಬಿಡಲಿಲ್ಲ. ಈ ಕಾರಿನಲ್ಲಿ ಲೋಯರ್ ಆರ್ಮ್ ಹಿಂದೆ ಮುಂದೆ ಜರುಗದಂತೆ ಹಿಡಿದಿರುವುದು ಅದೇ ರಾಡು. ಹಿಂದಿನ ಚಕ್ರ ತಿರುಗಬಾರದಲ್ವಾ, ಅದಕ್ಕೆ ರಾಕಿನ ತುದಿಗಳಿದ್ದ ಜಾಗದಲ್ಲೇ ಎರಡು ಬ್ರಾಕೆಟ್ ವೆಲ್ಡ್ ಮಾಡಿ ಚಕ್ರವನ್ನು ಎಳೆದು ತಿರುಗಿಸುವ ಟೈ ರಾಡ್‌ಗಳನ್ನು ಅಲ್ಲಿಗೆ ಕಟ್ಟಿದೆ. ಒಂದು ಸಲವೂ ತಕರಾರು ಬರಲಿಲ್ಲ.

ತಕರಾರು ಬಂದದ್ದು ಮುಂಭಾಗದಲ್ಲಿ. ಅಲ್ಲಿ ನಾನು ಬುದ್ಧಿವಂತಿಕೆ ತೋರಿಸಿದೆ.

ಅದಕ್ಕೆ ಮೊದಲು ಫ್ರೇಮು. ಕಬ್ಬಿಣ ಮುಟ್ಟುವ ಮುಂಚೆ ಅಡಿಕೆ ದಬ್ಬೆಯಲ್ಲೇ ಒಂದು ಕಾರು ಕಟ್ಟಿದೆ, ಸುತ್ಲಿ ಹಗ್ಗದಿಂದ. ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿ ಒಳಗಿಟ್ಟು ಕೂತು, ಮೊಣಕಾಲು ಎಲ್ಲಿ ತಾಗುತ್ತದೆ, ಮೊಣಕೈ ಎಲ್ಲಿ ಅಂತ ನೋಡಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು, ‘ಚಟ್ಟ ಕಟ್ಟಿದ ಹಾಗೆ ಕಾಣ್ತದೆ, ತೆಗಿ ಮೊದಲು’ ಅಂದರು. ದಬ್ಬೆ ಸರಿ ಅನ್ನಿಸಿದ ಮೇಲೆ ಒಂದು ಇಂಚಿನ, 16 ಗೇಜಿನ ಚೌಕ ಪೈಪು. ಮನೆಯಲ್ಲಿದ್ದ ಆರ್ಕ್ ವೆಲ್ಡಿಂಗಿನಲ್ಲಿ ಶುರು ಮಾಡಿದರೆ ತೆಳು ಪೈಪು ತೂತು ಬಿತ್ತು. ಕೊನೆಗೆ ಸಿಒಟು ವೆಲ್ಡಿಂಗ್ ಮಷಿನ್ ಬಾಡಿಗೆಗೆ ತಂದೆ. ಒಂದು ಮೂಲೆಯಲ್ಲಿ ಚುಕ್ಕೆ ವೆಲ್ಡ್ ಹಾಕಿದರೆ ಮುಂದಿನದು ಎದುರು ಮೂಲೆಗೆ. ಒಂದೇ ಕಡೆ ಉದ್ದಕ್ಕೆ ಎಳೆದರೆ ಆ ಬಿಸಿಗೆ ಪೈಪು ಬಾಳೆಕಾಯಿ ಆಗುತ್ತದೆ. ಪ್ರತಿ ಸಲವೂ ದಾರ ಹಿಡಿದು ಕರ್ಣ ಅಳೆಯಬೇಕು. ಎರಡು ಕರ್ಣ ಸಮ ಇದ್ದರೆ ಚೌಕ ಸರಿ. ಒಂದು ಸಲ 9 ಮಿಲಿಮೀಟರ್ ಓಡಿತ್ತು, ಕತ್ತರಿಸಿ ಮತ್ತೆ ಮಾಡಿದೆ. ತಲೆಯ ಹಿಂದಿನ ರೋಲ್ ಬಾರಿಗೆ ಮಾತ್ರ ದಪ್ಪ ಸೀಮ್‌ಲೆಸ್ ಪೈಪು. ಅದು ಗುಜರಿಯದ್ದಲ್ಲ.

ಗುಜರಿಯಿಂದ ಏನು ತರಬಾರದು ಅನ್ನುವುದಕ್ಕೆ ನನ್ನ ಬಳಿ ಒಂದು ಪಟ್ಟಿ ಇದೆ: ಬ್ರೇಕ್ ಹೋಸು, ಬ್ರೇಕಿನ ರಬ್ಬರುಗಳು, ಸೀಟ್‌ಬೆಲ್ಟು, ಟೈಮಿಂಗ್ ಬೆಲ್ಟು, ಟೈರು, ರಾಡ್ ಎಂಡು. ಉಳಿದದ್ದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಮುಂದಿನ ಚಕ್ರಕ್ಕೆ ಇನ್ನೊಂದು ಜೊತೆ ನಕಲ್ ಬೇಕಿತ್ತು. ಅದನ್ನು ಬೆಂಗಳೂರಿಗೆ ಹೋಗಿ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದೆ. ತಂದು ಹಾಕಿದರೆ ಚಕ್ರ ಲಟಲಟ ಅಲ್ಲಾಡುತ್ತಿತ್ತು. ಬೇರಿಂಗ್ ಬದಲಾಯಿಸಿದೆ, ಆದರೂ ಅಲ್ಲಾಟ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಮುಂದಿನ ಚಕ್ರಕ್ಕೆ ಪವರ್ ಹೋಗುವ ಕಾರಿನಲ್ಲಿ ಬೇರಿಂಗನ್ನು ಬಿಗಿದು ಹಿಡಿಯುವುದೇ ಆಕ್ಸೆಲ್ಲಿನ ತುದಿ ಮತ್ತು ಅದರ ನಟ್ಟು. ನನ್ನ ಮುಂದಿನ ಚಕ್ರಕ್ಕೆ ಆಕ್ಸೆಲ್ಲೇ ಇಲ್ಲ! ಹಾಳಾದ ಎರಡು ಆಕ್ಸೆಲ್ ತಂದು, ರಾಡು ಕತ್ತರಿಸಿ ಎಸೆದು, ಹೊರ ಜಾಯಿಂಟಿನ ಬಟ್ಟಲು ಮಾತ್ರ ಹಾಕಿ ನಟ್ಟು ಬಿಗಿದೆ. ಅಲ್ಲಾಟ ನಿಂತಿತು.

ಬುದ್ಧಿವಂತಿಕೆಯ ಕಥೆಗೆ ಬರುತ್ತೇನೆ. 800ರಲ್ಲಿ ಸ್ಟಿಯರಿಂಗ್ ರಾಕು ಚಕ್ರದ ಮಧ್ಯಗೆರೆಗಿಂತ ಹಿಂದಿದೆ. ನನ್ನ ಬಂಡಿಯಲ್ಲಿ ಅದು ಸರಿಯಾಗಿ ಕಾಲಿಗೆ ಅಡ್ಡ ಬರುತ್ತಿತ್ತು. ಎಡದ ನಕಲ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ಅದರಿಂದ ಚಾಚಿಕೊಂಡ, ಟೈ ರಾಡ್ ಕೂರುವ ಸ್ಟಿಯರಿಂಗ್ ಆರ್ಮ್ ಮುಂದಕ್ಕೆ ಬರುತ್ತದೆ, ರಾಕನ್ನೂ ಮುಂದಕ್ಕೆ ಹಾಕಬಹುದು. ಎಷ್ಟು ಸುಲಭ ಅಂತ ಖುಷಿಪಟ್ಟು ಎಲ್ಲ ವೆಲ್ಡ್ ಮಾಡಿ ಮುಗಿಸಿದೆ. ಅಕ್ಕನ ಮಗ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ. ಚಕ್ರ ಎಡಕ್ಕೆ ಹೋಯಿತು. ನಾನು ‘ಬಲಕ್ಕೆ ತಿರುಗಿಸೋ’ ಅಂದೆ. ‘ಬಲಕ್ಕೇ ತಿರುಗಿಸಿದ್ದು ಮಾವ. ಇದನ್ನ ಕನ್ನಡಿ ನೋಡ್ಕೊಂಡು ಓಡಿಸಬೇಕು.’

ಯೋಚಿಸಿದರೆ ಸಣ್ಣ ವಿಷಯ. ಆರ್ಮ್ ಹಿಂದಿದ್ದಾಗ ರಾಕು ಎಡಕ್ಕೆ ಎಳೆದರೆ ಚಕ್ರ ಬಲಕ್ಕೆ ತಿರುಗುತ್ತದೆ. ಆರ್ಮ್ ಮುಂದೆ ಬಂದರೆ ಎಲ್ಲ ಉಲ್ಟಾ. ಅಷ್ಟೇ ಅಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಅದಕ್ಕೇ ಆ ಆರ್ಮುಗಳನ್ನು ಒಳಮುಖವಾಗಿ ಓರೆ ಮಾಡಿರುತ್ತಾರೆ. ಅದಲು ಬದಲು ಮಾಡಿದರೆ ಆ ಓರೆಯೂ ತಪ್ಪು ದಿಕ್ಕಿಗೆ. ಗ್ರೈಂಡರ್ ಹಿಡಿದು ಎರಡು ವಾರದ ಕೆಲಸ ಕತ್ತರಿಸಿ ತೆಗೆದೆ. ರಾಕು ಹಳೇ ಜಾಗಕ್ಕೇ ಹೋಯಿತು. ಕಾಲು ಈಗ ಅದರ ಮೇಲಿಂದ ಹಾಯುತ್ತದೆ. ಪೆಡಲ್ ಎರಡು ಇಂಚು ಎತ್ತರಿಸಿದೆ. ನೋಡಲು ಚೆನ್ನಾಗಿಲ್ಲ, ಓಡಿಸಲು ಏನೂ ತೊಂದರೆ ಇಲ್ಲ.

ಮುಂದಿನ ಸ್ಪ್ರಿಂಗನ್ನಂತೂ ಬದಲಾಯಿಸಲೇಬೇಕಿತ್ತು. ಎಂಜಿನ್ ಹೊರಲು ಮಾಡಿದ ಸ್ಟ್ರಟ್ಟಿಗೆ ಈಗ ಎಂಜಿನ್ನೇ ಇಲ್ಲ, ನಾನು ಮೇಲೆ ಹತ್ತಿ ಕುಣಿದರೂ ಜಗ್ಗಲಿಲ್ಲ. ಮೇಲೊಂದು ಕೆಳಗೊಂದು ವಿಷ್‌ಬೋನ್ (ಕವೆಯಾಕಾರದ ತೋಳು) ಮಾಡಿ, ಬುಲೆಟ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಹಾಕಿದೆ. ಇಲ್ಲಿ ಒಂದು ಲೆಕ್ಕ ನೆನಪಿಡಿ. ಶಾಕನ್ನು ವಿಷ್‌ಬೋನಿನ ಅರ್ಧದಲ್ಲಿ ಕಟ್ಟಿದರೆ ಚಕ್ರಕ್ಕೆ ಸಿಗುವ ಸ್ಪ್ರಿಂಗಿನ ಗಡಸು ಅರ್ಧ ಅಲ್ಲ, ಕಾಲು ಭಾಗ. ನಾನು ಅರ್ಧ ಅಂದುಕೊಂಡಿದ್ದೆ. ಕಾರು ಹೊಟ್ಟೆ ಊರಿ ಕೂತಿತು.

ವಿಷ್‌ಬೋನ್ ನನ್ನದಾದ ಮೇಲೆ ಕಂಪನಿಯ ಅಳತೆ ಅಲ್ಲಿ ನಡೆಯಲಿಲ್ಲ. ಚಕ್ರ ಗುಂಡಿಗೆ ಬಿದ್ದು ಏಳುವಾಗ ತಾನೇ ಆಚೀಚೆ ತಿರುಗುತ್ತದಾ ಅಂತ ನೋಡಬೇಕು. ಶಾಕ್ ಬಿಚ್ಚಿ, ಹಬ್ಬಿಗೆ ಒಂದು ಲೇಸರ್ ಟಾರ್ಚ್ ಕಟ್ಟಿದೆ. ಸ್ಟಿಯರಿಂಗ್ ಅಲ್ಲಾಡದಂತೆ ಹಗ್ಗ ಬಿಗಿದೆ. ನಾಲ್ಕು ಮೀಟರ್ ದೂರದ ಗೋಡೆಗೆ ಬಿಳಿ ಹಾಳೆ. ಜಾಕಿಯಲ್ಲಿ ಚಕ್ರ ಒಂದೊಂದು ಸೆಂಟಿಮೀಟರ್ ಎತ್ತಿದಂತೆಲ್ಲ ಕೆಂಪು ಚುಕ್ಕೆ ಬಿದ್ದ ಕಡೆ ಪೆನ್ಸಿಲ್ ಗುರುತು. ನೇರ ಮೇಲಕ್ಕೆ ಹೋಗಬೇಕಾದ ಗೆರೆ ಕುಡುಗೋಲಿನ ಹಾಗೆ ಬಾಗಿತ್ತು. ರಾಕಿನ ಕೆಳಗೆ ವಾಷರ್ ಇಟ್ಟು ಎರಡು ಮಿಲಿಮೀಟರ್ ಎತ್ತರಿಸಿ ಮತ್ತೆ ನೋಡಿದೆ, ಬಾಗು ಕಡಿಮೆಯಾಯಿತು. ಆರು ಮಿಲಿಮೀಟರಿಗೆ ಹೆಚ್ಚುಕಮ್ಮಿ ನೇರ. ಎಂಟಕ್ಕೆ ಆಚೆ ಬಾಗಿತು. ಆರಕ್ಕೆ ನಿಲ್ಲಿಸಿದೆ. ಆ ಹಾಳೆ ಇನ್ನೂ ಗೋಡೆಯ ಮೇಲಿದೆ.

ಎಂಜಿನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ವಾಲ್ವ್ ಉಜ್ಜಿಸಿ, ಹೆಡ್ ಗ್ಯಾಸ್ಕೆಟ್ ಹಾಕಿಸಿ, ಕಾರ್ಬ್ಯುರೇಟರ್ ತೊಳೆದೆ. ಮೂರು ಸಿಲಿಂಡರಿನ ಆ ಬಡಪಾಯಿ ಆರು ಮಳೆಗಾಲ ಮರೆತು ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಹತ್ತೇ ನಿಮಿಷಕ್ಕೆ ಕುದಿಯುತ್ತಿತ್ತು. ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಬೆನ್ನಲ್ಲಿ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಮುಂದಿನ ಚಕ್ರ ಎರಡನ್ನೂ ಕಲ್ಲಿನ ಮೇಲೆ ಹತ್ತಿಸಿ, ಮೂತಿ ಆಕಾಶಕ್ಕೆ ಮಾಡಿ, ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬುತ್ತಾ ಹೋದೆ. ಗೊಳಗೊಳ ಅಂತ ಗಾಳಿ ಬಂದು ಬಂದು ನಿಂತಿತು.

ಒಂದು ದಿನ ವೇಬ್ರಿಡ್ಜಿಗೆ ಒಯ್ದೆವು. 420 ಕೆಜಿ. ಮುಂದಿನ ಚಕ್ರ ಮಾತ್ರ ತಟ್ಟೆ ಮೇಲಿಟ್ಟರೆ 160. ಅಂದರೆ ಹಿಂದೆ 260. ಪೂರ್ತಿ 800 ಸುಮಾರು 650 ಕೆಜಿ ತೂಗುತ್ತದೆ, ಎಂಜಿನ್ ಅದೇ 37 ಹಾರ್ಸ್‌ಪವರ್. ಕಾಗದದ ಮೇಲೆ ದೊಡ್ಡದೇನಲ್ಲ. ನೆಲದಿಂದ ಒಂದು ಗೇಣು ಮೇಲೆ ಕೂತು ಎರಡನೇ ಗೇರಿಗೆ ಹಾಕಿದಾಗ ಬೇರೆಯೇ ಕಥೆ.

ಮೊದಲ ಓಟ ಜೂನ್ ತಿಂಗಳ ಒಂದು ಭಾನುವಾರ. ಮಳೆ ಬಿಟ್ಟ ಗದ್ದೆ. ಹೆಲ್ಮೆಟ್ ಇತ್ತು, ಅದರ ಗಾಜು ಮೇಲಿತ್ತು. ಮೊದಲ ತಿರುವಿನಲ್ಲೇ ಮುಂದಿನ ಚಕ್ರ ಒಂದು ಬೊಗಸೆ ಕೆಸರು ಎತ್ತಿ ಸೀದಾ ಬಾಯಿಗೆ ಹಾಕಿತು. ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಬಂಡಿ ಗಿರ್ರನೆ ಒಂದು ಸುತ್ತು ತಿರುಗಿ ನಿಂತಿತು. ಹಿಂದೆ ಈಗ 800ರ ಮುಂದಿನ ಡಿಸ್ಕ್ ಇದೆಯಲ್ಲ, ಅದಕ್ಕೆ ಅಷ್ಟು ಪ್ರೆಷರ್ ಬೇಡ. ಮುಂದಿನ ವಾರ ಹಿಂದಿನ ಲೈನಿಗೆ ಪ್ರೆಷರ್ ತಗ್ಗಿಸುವ ಒಂದು ವಾಲ್ವ್ ಹಾಕಿದೆ. ಮನೆಗೆ ಬಂದಾಗ ಅಮ್ಮ ಹಂಡೆ ನೀರು ಕಾಯಿಸಿದ್ದರು. ‘ಮಡ್‌ಗಾರ್ಡ್ ಯಾವಾಗ ಹಾಕ್ತೀಯ?’ ಅಂದರು. ಹಾಕುವುದಿಲ್ಲ, ಈ ಕಾರು ಇರುವುದೇ ಹೀಗೆ ಅಂತ ಹೇಳಿದೆ. ಅವರು ನಂಬಿಲ್ಲ.

ಈಗ ಉಳಿದಿರುವುದು ಗೇರು. ಗೇರ್‌ಬಾಕ್ಸ್ ತನಕ ರಾಡು ಒಯ್ಯಲು ನಡುವೆ ಒಂದು ಲಿವರ್ ಹಾಕಿದ್ದೆ. ಅದರಿಂದ ದಿಕ್ಕು ಉಲ್ಟಾ ಆಗಿ, ಒಂದನೇ ಗೇರು ಇದ್ದಲ್ಲಿ ಎರಡನೆಯದು, ಮೂರು ಇದ್ದಲ್ಲಿ ನಾಲ್ಕು. ನನಗೆ ಅಭ್ಯಾಸವಾಗಿದೆ. ಬೇರೆ ಯಾರು ಹತ್ತಿದರೂ ಎರಡನೇ ಗೇರಿನಲ್ಲೇ ಹೊರಟು ಎಂಜಿನ್ ಆಫ್ ಮಾಡುತ್ತಾರೆ. ಅಕ್ಕನ ಮಗ ಇನ್ನೊಂದು ಲಿವರ್ ಸೇರಿಸಿದರೆ ಸರಿಹೋಗುತ್ತದೆ ಅನ್ನುತ್ತಾನೆ. ಹೋಗುತ್ತದೆ, ಗೊತ್ತು. ಕೊಯ್ಲು ಮುಗಿದು ಕೊಟ್ಟಿಗೆ ಖಾಲಿಯಾಗಲಿ.