ಕಿನ್ನಾಳದ ಆಟಿಕೆಗೆ ಐಎಸ್‌ಐ ಬೇಕೇ? ವಿನಾಯಿತಿ, ಬಣ್ಣ, ಪರೀಕ್ಷೆ: ತಯಾರಕರಿಗೂ ಅಂಗಡಿಯವರಿಗೂ ಕೈಪಿಡಿ

2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆಯನ್ನು ನಮ್ಮ ದೇಶದಲ್ಲಿ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಮಾರಲೆಂದು ಅಂಗಡಿಯಲ್ಲಿ ಇಡುವಂತೆಯೂ ಇಲ್ಲ. ಕೇಂದ್ರ ಸರ್ಕಾರದ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದ ತಿರುಳು ಇದು. ಆದೇಶ ಜಾರಿಗೆ ಬರುವ ಮೊದಲೇ, 2020ರ ಡಿಸೆಂಬರಿನಲ್ಲಿ, ತಿದ್ದುಪಡಿಯೊಂದು ಬಂದು ಕರಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟಿತು. ಅಲ್ಲಿಂದೀಚೆಗೆ, ಬಣ್ಣದ ಮರದ ಗೊಂಬೆಗೆ ಹೆಸರಾದ ಕಿನ್ನಾಳ ಊರಿರುವ ಕೊಪ್ಪಳದ ಕಡೆ "ಕಿನ್ನಾಳದ ಗೊಂಬೆಗೆ ಐಎಸ್‌ಐ ಬೇಕಿಲ್ಲ" ಅನ್ನುವ ಮಾತು ಗಟ್ಟಿಯಾಗಿ ಕೂತಿದೆ. ಮಾತು ಅರ್ಧ ಮಾತ್ರ ಸರಿ. ವಿನಾಯಿತಿ ಸಿಗುವುದು ಗೊಂಬೆಗಲ್ಲ, ಕಾಗದಪತ್ರ ಇಟ್ಟುಕೊಂಡ ಕುಶಲಕರ್ಮಿಗೆ. ಅದೂ ಐಎಸ್‌ಐ ಗುರುತಿನ ಕಡ್ಡಾಯದಿಂದ ಮಾತ್ರ. ಮಗುವಿನ ಹೊಟ್ಟೆಗೆ ಸೀಸ ಹೋದರೆ ಬರುವ ಹೊಣೆಯಿಂದ ಯಾವ ತಿದ್ದುಪಡಿಯೂ ಬಿಡಿಸುವುದಿಲ್ಲ.

ಮೊದಲು ನಿಮ್ಮ ಮಾಲು ಕಾನೂನಿನ ಕಣ್ಣಿನಲ್ಲಿ ಆಟಿಕೆಯೇ ಎಂದು ನೋಡಿಕೊಳ್ಳಿ. 14 ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ್ದೆಲ್ಲ ಆಟಿಕೆ. ಆಟಕ್ಕೆಂದೇ ಮಾಡಿರಬೇಕು ಎಂದೇನೂ ಇಲ್ಲ, ಬೇರೆ ಬಳಕೆಯ ಜೊತೆಗೆ ಆಟಕ್ಕೂ ಉದ್ದೇಶಿಸಿದ್ದರೆ ಸಾಕು. ದೇವರ ಮೂರ್ತಿ, ಗರುಡ ವಾಹನ, ದಸರೆಯಲ್ಲಿ ಕೂರಿಸುವ ಗೊಂಬೆಗಳು ಅಲಂಕಾರದ ವಸ್ತುಗಳು. ಗಾಲಿ ಹಾಕಿದ ಆನೆ, ಹಗ್ಗ ಕಟ್ಟಿ ಎಳೆಯುವ ಬಂಡಿ, ಮರದ ಹಣ್ಣು ತರಕಾರಿ ಸೆಟ್ಟು ಆಟಿಕೆಗಳು. ನಡುವೆ ಬರುವ ಮಾಲಿನ ಹಣೆಬರಹ ಬರೆಯುವುದು ನಿಮ್ಮದೇ ಬಿಲ್ಲು ಮತ್ತು ಲೇಬಲ್ಲು. ಅಲಂಕಾರದ ಗಿಳಿಯ ಪೆಟ್ಟಿಗೆ ಮೇಲೆ ಮಗುವಿನ ಚಿತ್ರ ಹಾಕಿ "ಮಕ್ಕಳಿಗೆ" ಎಂದು ಬರೆದರೆ ಅದನ್ನು ಆಟಿಕೆ ಮಾಡಿದವರು ನೀವೇ. ಆನ್‌ಲೈನ್ ಮಾರಾಟದಲ್ಲಿ ಯಾವ ವಿಭಾಗದಡಿ ಹಾಕುತ್ತೀರಿ ಎಂಬುದೂ ಇದೇ ಲೆಕ್ಕಕ್ಕೆ ಬರುತ್ತದೆ.

ವಿನಾಯಿತಿಗೆ ಬೇಕಾದ ಕಾಗದ

ದಾರಿ ಎರಡು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿ ಕುಶಲಕರ್ಮಿ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್, ಪಡೆಯುವುದು ಒಂದು. ಇನ್ನೊಂದು, ಭೌಗೋಳಿಕ ಸೂಚಕದ, ಅಂದರೆ ಊರಿನ ಹೆಸರಿನಿಂದ ಪ್ರಸಿದ್ಧವಾದ ವಸ್ತುವಿಗೆ ಸಿಗುವ ಜಿಐ ನೋಂದಣಿಯ, ಅಧಿಕೃತ ಬಳಕೆದಾರರಾಗುವುದು. ಕಿನ್ನಾಳದ ಆಟಿಕೆಗೆ ಜಿಐ ನೋಂದಣಿ ಇದೆ, ನಿಜ. ಆದರೆ ಊರಿಗೆ ಜಿಐ ಬಂದ ಮಾತ್ರಕ್ಕೆ ಊರಿನವರೆಲ್ಲ ಅಧಿಕೃತ ಬಳಕೆದಾರರಾಗುವುದಿಲ್ಲ. ಚೆನ್ನೈನ ಜಿಐ ರಿಜಿಸ್ಟ್ರಿಗೆ ಜಿಐ-3 ನಮೂನೆಯಲ್ಲಿ ಪ್ರತಿಯೊಬ್ಬರೂ ಅವರವರ ಹೆಸರಲ್ಲಿ ಅರ್ಜಿ ಹಾಕಬೇಕು. 2020ರಲ್ಲಿ ನಿಯಮ ಸಡಿಲಿಸಿ ಶುಲ್ಕವನ್ನು 500 ರೂಪಾಯಿಯಿಂದ 10ಕ್ಕೆ ಇಳಿಸಿದ್ದಾರೆ, ಹಾಗಾಗಿ ದುಡ್ಡಿನ ನೆಪ ಉಳಿದಿಲ್ಲ. ಸಾಧ್ಯವಾದರೆ ಎರಡೂ ಮಾಡಿಸಿ. ಮನೆಯಲ್ಲಿ ನಾಲ್ಕು ಜನ ಕೆಲಸ ಮಾಡಿ ಒಬ್ಬರ ಹೆಸರಲ್ಲಿ ಮಾತ್ರ ಕಾರ್ಡ್ ಇದ್ದರೆ, ಬಿಲ್ಲೂ ಅವರ ಹೆಸರಲ್ಲೇ ಹೋಗಲಿ.

ತಿದ್ದುಪಡಿಯ ಮಾತು "ನೋಂದಾಯಿತ ಕುಶಲಕರ್ಮಿ ತಯಾರಿಸಿ ಮಾರುವ" ವಸ್ತು ಎಂಬುದು. ಎಡವಟ್ಟಾಗುವುದು ಇಲ್ಲೇ. ಹೊರಗಿನಿಂದ ತರಿಸಿದ ಪ್ಲಾಸ್ಟಿಕ್ ಗಾಲಿಬಂಡಿಗೆ ಕಿನ್ನಾಳದ ಬಣ್ಣ ಬಳಿದರೆ ಅದು ಕುಶಲಕರ್ಮಿಯ ವಸ್ತು ಅನ್ನಿಸಿಕೊಳ್ಳುವುದು ಕಷ್ಟ. ವರ್ತಕರೊಬ್ಬರು ಹತ್ತು ಮನೆಗಳಿಂದ ಕೊಂಡು ತಮ್ಮ ಬ್ರ್ಯಾಂಡಿನ ಪೆಟ್ಟಿಗೆಗೆ ತುಂಬಿದರೂ ಅದೇ ಪ್ರಶ್ನೆ ಏಳುತ್ತದೆ. ಆನೆಗುಂದಿಯಲ್ಲೋ ಕೊಪ್ಪಳದಲ್ಲೋ ಅಂಗಡಿ ಇಟ್ಟವರು ಪ್ರತಿ ಖರೀದಿಗೂ ಕುಶಲಕರ್ಮಿಯ ಸಹಿ ಇರುವ ಬಿಲ್ಲು, ಕಾರ್ಡಿನ ನಂಬರು, ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳಿ. ಗೊಂಬೆಯ ತಳದಲ್ಲೂ ತಯಾರಿಸಿದವರ ಹೆಸರಿನ ಚೀಟಿ ಹಾಗೇ ಇರಲಿ. ಕಿತ್ತು ನಿಮ್ಮ ಅಂಗಡಿಯ ಚೀಟಿ ಅಂಟಿಸಬೇಡಿ.

ಗವಿಮಠದ ಜಾತ್ರೆಯಲ್ಲೋ ಹುಲಿಗಿಯಲ್ಲೋ ಪ್ಲಾಸ್ಟಿಕ್ ಆಟಿಕೆ ಮಾರುವವರಿಗೆ ಈ ವಿನಾಯಿತಿಯ ಗಾಳಿಯೂ ಸೋಕುವುದಿಲ್ಲ. ಪ್ರತಿ ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು, ಅದರ ಮೇಲ್ಗಡೆ ಐಎಸ್ ಸಂಖ್ಯೆ (ಭಾರತೀಯ ಮಾನದಂಡದ ನಂಬರು), ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರಬೇಕು. ನಂಬರನ್ನು ಐಎಸ್‌ಐ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ನಂಬರಿಲ್ಲದ ಬರೀ ಗುರುತನ್ನು ನಂಬಬೇಡಿ. ಸಗಟು ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲು ನೋಡಿ.

ಬಣ್ಣ

ಕಿನ್ನಾಳದ ಕೆಲಸದಲ್ಲಿ ಮರದಿಂದ ತೊಂದರೆ ಕಡಿಮೆ. ಪೊಲ್ಕಿ ಮರ ಹಗುರ, ಮೃದು. ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವೂ ನಿರಪಾಯಕಾರಿ. ಫಲಿತಾಂಶ ನಿರ್ಧಾರವಾಗುವುದು ಅದರ ಮೇಲೆ ಕೂರುವ ಪದರದಲ್ಲಿ.

ಆಟಿಕೆ ಸುರಕ್ಷತೆಯ ಮಾನದಂಡವಾದ ಐಎಸ್ 9873ರ ಮೂರನೇ ಭಾಗ ಎಂಟು ಧಾತುಗಳಿಗೆ ಮಿತಿ ಹಾಕುತ್ತದೆ. ಒಂದು ಕಿಲೋ ಬಣ್ಣದ ಪದರದಿಂದ ಆಮ್ಲಕ್ಕೆ ಬಿಡಬಹುದಾದ ಗರಿಷ್ಠ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಹೀಗಿದೆ: ಆರ್ಸೆನಿಕ್ 25, ಆಂಟಿಮನಿ 60, ಕ್ರೋಮಿಯಂ 60, ಪಾದರಸ 60, ಕ್ಯಾಡ್ಮಿಯಂ 75, ಸೀಸ 90, ಸೆಲೆನಿಯಂ 500, ಬೇರಿಯಂ 1000. ಪರೀಕ್ಷೆ ಮಗುವಿನ ಹೊಟ್ಟೆಯನ್ನೇ ಅನುಕರಿಸುತ್ತದೆ. ಬಣ್ಣ ಕೆರೆದು, 0.5 ಮಿಮೀ ಜರಡಿ ಹಿಡಿದು, ಅದರ 50 ಪಟ್ಟು ತೂಕದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಅಲುಗಿಸಿ, ಇನ್ನೊಂದು ಗಂಟೆ ಸುಮ್ಮನೆ ಬಿಟ್ಟು, ಆಮ್ಲಕ್ಕೆ ಏನೇನು ಇಳಿಯಿತೆಂದು ಅಳೆಯುತ್ತಾರೆ. ಕೆರೆಯುವಾಗ ಮೇಲಿನ ವಾರ್ನಿಷ್, ಬಣ್ಣ, ಅಡಿಯ ಬಿಳಿ ಎಲ್ಲ ಒಟ್ಟಿಗೇ ಬರುತ್ತದೆ. ಹಾಗಾಗಿ "ಮೇಲೊಂದು ಕೋಟ್ ವಾರ್ನಿಷ್ ಹೊಡೆದರೆ ಸಾಕು" ಎನ್ನುವ ಸಲಹೆ ದಂಡ.

ನೈಸರ್ಗಿಕ ಬಣ್ಣ ಎಂದರೆ ಸುರಕ್ಷಿತ ಎಂಬ ನಂಬಿಕೆಯನ್ನೂ ಬಿಡಬೇಕು. ಇಂಗಳಿಕ ಪಾದರಸದ ಅದಿರು. ಹರಿತಾಳದಲ್ಲಿರುವುದು ಆರ್ಸೆನಿಕ್. ಸಿಂಧೂರವೆಂದು ಮಾರುವ ಕೆಂಪು ಪುಡಿ ಸೀಸದ ಆಕ್ಸೈಡ್ ಆಗಿರಬಹುದು. ಸಫೇದಾ ಎಂಬ ಒಂದೇ ಹೆಸರಿನಲ್ಲಿ ಸತುವಿನ ಬಿಳಿಯೂ ಸಿಗುತ್ತದೆ, ಸೀಸದ ಬಿಳಿಯೂ ಸಿಗುತ್ತದೆ. ಪೂಜೆಯ ಮೂರ್ತಿಗೆ ಹಳೆಯ ಪದ್ಧತಿಯನ್ನೇ ಇಟ್ಟುಕೊಳ್ಳುವುದು ನಿಮ್ಮಿಷ್ಟ. ಅದೇ ಬಟ್ಟಲು, ಅದೇ ಕುಂಚ ಆಟಿಕೆಗೆ ಬರಬಾರದು. ಲಾಜವಾರ ಎಂಬ ಹೊಳಪಿನ ಅಲಂಕಾರ ಕೆಲಸಕ್ಕೆ ಬಳಸುವ ತವರವನ್ನು ಗುಜರಿಯಿಂದ ಕೊಳ್ಳಬೇಡಿ. ಬೆಸುಗೆಯ ತವರದಲ್ಲಿ ಸೀಸ ಬೆರೆತಿರುವುದು ಮಾಮೂಲು.

ಡಬ್ಬಿ ಬಣ್ಣ ಕೊಳ್ಳುವವರಿಗೆ ಒಂದು ಅನುಕೂಲವಿದೆ. 2017ರ ನವೆಂಬರ್ 1ರಿಂದ ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರುವಂತಿಲ್ಲ, ಡಬ್ಬಿಯ ಮೇಲೆ ಅದನ್ನು ನಮೂದಿಸಬೇಕು. ಈ ನಿಯಮ ಕಾರ್ಖಾನೆ ಬಳಕೆಯ ಬಣ್ಣಕ್ಕಾಗಲಿ ವಾಹನಕ್ಕೆ ಹೊಡೆಯುವ ಬಣ್ಣಕ್ಕಾಗಲಿ ಅನ್ವಯಿಸುವುದಿಲ್ಲ. ಗ್ಯಾರೇಜಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಟ್ರ್ಯಾಕ್ಟರಿನ ಕೆಂಪು, ಲಾರಿಯ ಹಳದಿ ತಂದರೆ ಅಲ್ಲಿಗೆ ಮುಗಿಯಿತು. ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಮೊದಲ ಅನುಮಾನಿತರು: ಸೀಸದ ಸಂಯುಕ್ತವಾದ ಲೆಡ್ ಕ್ರೋಮೇಟಿನ ಬಣ್ಣಗಳೇ ಅವು. ಆ ಹಳದಿಗೆ ನೀಲಿ ಬೆರೆಸಿ ಮಾಡಿದ ಹಸಿರೂ ಅದೇ ಸಾಲಿಗೆ ಸೇರುತ್ತದೆ. ಚಿಲ್ಲರೆಯಾಗಿ ಬೇರೆ ಡಬ್ಬಕ್ಕೆ ಸುರಿದು ಕೊಡುವ ಬಣ್ಣ ಬೇಡವೇ ಬೇಡ.

ಪ್ರಯೋಗಾಲಯ ಪ್ರತಿ ಬಣ್ಣವನ್ನೂ ಬೇರೆಯಾಗಿ ನೋಡುವುದರಿಂದ ಖರ್ಚು ಬಣ್ಣದ ಸಂಖ್ಯೆಯ ಜೊತೆ ಏರುತ್ತದೆ. ಆಟಿಕೆಗೆ ಐದಾರು ಮೂಲ ಬಣ್ಣ ಗೊತ್ತುಮಾಡಿಕೊಂಡು, ಒಂದೇ ಬ್ಯಾಚಿನ ದೊಡ್ಡ ಡಬ್ಬಿ ಕೊಂಡು, ಮಿಕ್ಕ ಛಾಯೆಗಳನ್ನು ಅವುಗಳಿಂದಲೇ ಬೆರೆಸಿಕೊಳ್ಳಿ. ಮಾದರಿ ಕಳಿಸಲು ಗೊಂಬೆ ಹಾಳುಮಾಡಬೇಕಿಲ್ಲ. ಪ್ರಯೋಗಾಲಯ ಒಪ್ಪಿದರೆ ಗಾಜಿನ ಹಲಗೆಯ ಮೇಲೆ ಬಣ್ಣ ಬಳಿದು, ಪೂರ್ತಿ ಒಣಗಿಸಿ, ಬ್ಲೇಡಿನಿಂದ ಕೆರೆದು ಕೊಡಬಹುದು. ಪ್ರತಿ ಬಣ್ಣಕ್ಕೆ ಕನಿಷ್ಠ 100 ಮಿಲಿಗ್ರಾಂ ಬೇಕು. ಒಂದು ಗ್ರಾಂ ಕೊಟ್ಟರೆ ಮರುಪರೀಕ್ಷೆಗೂ ಸಾಲುತ್ತದೆ. ಪೊಟ್ಟಣದ ಮೇಲೆ ಡಬ್ಬಿಯ ಬ್ಯಾಚ್ ನಂಬರು ಬರೆಯಿರಿ. ಬ್ಯಾಚ್ ಬದಲಾದರೆ ಹಳೆಯ ವರದಿಗೆ ಬೆಲೆಯಿಲ್ಲ.

ಮುರಿಯುವ ಭಾಗಗಳು

ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಗಂಟಲಿಗೆ ಸಿಕ್ಕುವಷ್ಟು ಚಿಕ್ಕ ತುಂಡು ಬೀಳಬಾರದು. ಅಳತೆಗೋಲು ಒಂದು ಕೊಳವೆ: ಒಳವ್ಯಾಸ 31.7 ಮಿಮೀ, ಓರೆ ತಳ, ಆಳ ಒಂದು ಬದಿ 25.4, ಇನ್ನೊಂದು ಬದಿ 57.1 ಮಿಮೀ. ಒತ್ತದೆ ಇಟ್ಟಾಗ ತುಂಡು ಪೂರ್ತಿ ಒಳಗೆ ಇಳಿದರೆ ಫೇಲು. ಇದನ್ನು ಮನೆಯಲ್ಲೇ ಮರದಲ್ಲಿ ಕೊರೆದುಕೊಳ್ಳಬಹುದು. 32 ಮಿಮೀ ಪಿವಿಸಿ ಪೈಪನ್ನು ಕತ್ತರಿಸಿ ಬಳಸುವವರು ಗಮನಿಸಿ: 32 ಎಂಬುದು ಅದರ ಹೊರವ್ಯಾಸ. ಒಳಗೆ ಕಿರಿದಾಗಿರುವುದರಿಂದ ನಿಜವಾದ ಅಳತೆಗೋಲಿಗೆ ಇಳಿಯುವ ತುಂಡು ಇದರಲ್ಲಿ ಇಳಿಯದೆ, ಪಾಸಾಯಿತು ಅನ್ನಿಸುತ್ತದೆ.

ಮುರಿಯುವ ಜಾಗಗಳು ಗೊತ್ತಿದ್ದವೇ: ಗಿಳಿಯ ಕೊಕ್ಕು, ಆನೆಯ ದಂತ, ಕುದುರೆಯ ಕಿವಿ, ಗಾಲಿಯ ಮೊಳೆ. ಒಂದೂವರೆ ವರ್ಷದಿಂದ ಮೂರು ವರ್ಷದ ಮಕ್ಕಳ ಆಟಿಕೆಯನ್ನು 93 ಸೆಂಮೀ ಎತ್ತರದಿಂದ ನಾಲ್ಕು ಸಲ ಬೀಳಿಸುತ್ತಾರೆ. ಅದಕ್ಕಿಂತ ಎಳೆಯ ಮಕ್ಕಳದ್ದಾದರೆ 138 ಸೆಂಮೀನಿಂದ ಹತ್ತು ಸಲ. ಚಾಚಿದ ಭಾಗವನ್ನು ಹಿಡಿದು 70 ನ್ಯೂಟನ್, ಅಂದರೆ ಸುಮಾರು 7 ಕೆಜಿ ತೂಕ ನೇತುಹಾಕಿದಷ್ಟು ಬಲದಲ್ಲಿ, 10 ಸೆಕೆಂಡ್ ಎಳೆಯುತ್ತಾರೆ. ಕಿಟ್ಟದಿಂದ ಮಾತ್ರ ಅಂಟಿಸಿದ ಕೊಕ್ಕು ಇಷ್ಟಕ್ಕೆ ನಿಲ್ಲುವುದು ಅನುಮಾನ. ದಂತ, ಕೊಕ್ಕುಗಳನ್ನು ದೇಹದ ಮರದಲ್ಲೇ ಬಿಟ್ಟು ಕೆತ್ತಿ. ಆಗದಿದ್ದರೆ ಒಳಗೊಂದು ಬಿದಿರಿನ ಕಡ್ಡಿ ಕೂರಿಸಿ, ಮೇಲೆ ಕಿಟ್ಟ ತುಂಬಿ. ಹಸಿ ಮರದಲ್ಲಿ ಮಾಡಿದ ಆಟಿಕೆ ಕೊಪ್ಪಳದ ಬೇಸಿಗೆಯಲ್ಲಿ ಕುಗ್ಗಿ ಕಿಟ್ಟ ಬಿರಿಯುತ್ತದೆ, ಪರೀಕ್ಷೆಗೆ ಹೋಗುವ ಮೊದಲೇ. ಗಾಲಿಗೆ ಕಬ್ಬಿಣದ ಮೊಳೆ ಬಿಟ್ಟು ಮರದ ಗೂಟ ಹಾಕಿ. ಚಲಿಸುವ ಭಾಗಗಳ ನಡುವಿನ ಸಂದಿನಲ್ಲಿ 5 ಮಿಮೀ ಕಡ್ಡಿ ತೂರಿದರೆ 12 ಮಿಮೀ ಕಡ್ಡಿಯೂ ತೂರಬೇಕು. ನಡುವಿನ ಅಳತೆಯಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ.

"3 ವರ್ಷದೊಳಗಿನ ಮಕ್ಕಳಿಗಲ್ಲ" ಎಂಬ ಚೀಟಿ ಅಂಟಿಸಿ ಪಾರಾಗಲು ನೋಡುವವರಿದ್ದಾರೆ. ಗಿಲಕಿ, ಹಲ್ಲು ಬರುವ ಮಗು ಕಚ್ಚುವ ಆಟಿಕೆ, ಹಗ್ಗದಿಂದ ಎಳೆಯುವ ಸರಳ ಬಂಡಿಗಳನ್ನು ಮಾನದಂಡವೇ ಎಳೆಮಕ್ಕಳ ಆಟಿಕೆ ಎಂದು ಎಣಿಸುವುದರಿಂದ ಅಲ್ಲಿ ಚೀಟಿ ನಡೆಯುವುದಿಲ್ಲ.

ದೀಪ ಅಥವಾ ಮೋಟಾರು ಹಾಕಿದ ಕೂಡಲೇ ಆಟಿಕೆ ವಿದ್ಯುತ್ ಆಟಿಕೆಗಳ ಮಾನದಂಡ ಐಎಸ್ 15644ರ ಅಡಿಗೆ ಹೋಗುತ್ತದೆ. ಅದು ಬೇರೆಯೇ ಲೈಸೆನ್ಸು, ಬೇರೆಯೇ ಪರೀಕ್ಷೆ. ಗುಂಡಿ ಸೆಲ್ಲಿನ ಗೂಡು ಸ್ಕ್ರೂ ಇಲ್ಲದೆ ತೆರೆಯುವಂತಿದ್ದರೆ ಮಾರಲೇಬೇಡಿ. ನುಂಗಿದ ಸೆಲ್ಲು ಅನ್ನನಾಳವನ್ನು ಸುಡುತ್ತದೆ.

ವಿನಾಯಿತಿ ಇಲ್ಲದವರಿಗೆ

ಶೆಡ್ ಹಾಕಿ ಯಂತ್ರ ಇಟ್ಟು ಆಟಿಕೆ ಮಾಡುವವರು, ಭಾನಾಪುರದ ಆಟಿಕೆ ಕ್ಲಸ್ಟರಿನ ಕಂಪನಿಗಳಂತೆಯೇ, ಬಿಐಎಸ್ ಲೈಸೆನ್ಸ್ ಪಡೆಯಲೇಬೇಕು. ಮಾನಕ್ ಆನ್‌ಲೈನ್ ಪೋರ್ಟಲಿನಲ್ಲಿ ಅರ್ಜಿ. ಜೊತೆಗೆ ಶೆಡ್ಡಿನ ನಕ್ಷೆ, ಯಂತ್ರಗಳ ಪಟ್ಟಿ, ಪರೀಕ್ಷಾ ಸಲಕರಣೆಗಳ ಪಟ್ಟಿ, ಕಚ್ಚಾ ಮಾಲಿನ ವಿವರ. ಅಧಿಕಾರಿ ಬಂದು ನೋಡುತ್ತಾರೆ, ಮಾದರಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ. ಲೈಸೆನ್ಸು ಆ ಜಾಗಕ್ಕೆ ಸೇರಿದ್ದು. ಕೊಪ್ಪಳದ ಶೆಡ್ಡಿಗೆ ಸಿಕ್ಕ ನಂಬರನ್ನು ಗಂಗಾವತಿಯ ಶೆಡ್ಡಿನ ಮಾಲಿಗೆ ಒತ್ತುವುದು ತಪ್ಪು.

ವಿನಾಯಿತಿ ಇದ್ದವರಿಗೂ ಇಲ್ಲದವರಿಗೂ ಅನ್ವಯವಾಗುವ ಕಾನೂನು ಎರಡಿವೆ. ಪೆಟ್ಟಿಗೆಯಲ್ಲಿ ಪ್ಯಾಕ್ ಮಾಡಿ ಮಾರಿದರೆ ತೂಕ ಮತ್ತು ಅಳತೆ ನಿಯಮದಂತೆ ತಯಾರಕರ ಹೆಸರು ವಿಳಾಸ, ವಸ್ತುವಿನ ಹೆಸರು, ಸಂಖ್ಯೆ, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿನ ಫೋನ್ ನಂಬರು ಇರಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೋಷವಿರುವ ವಸ್ತುವಿನಿಂದ ಹಾನಿಯಾದರೆ ತಯಾರಕರು ಪರಿಹಾರ ಕೊಡಬೇಕಾಗುತ್ತದೆ. ಆಗ ಕೈಹಿಡಿಯುವುದು ಬಣ್ಣದ ವರದಿ ಮತ್ತು ಬ್ಯಾಚ್ ಪುಸ್ತಕ.

ಅಮೆರಿಕದ ಆರ್ಡರ್ ಬಂದರೆ

ಅಲ್ಲಿನ ಫೆಡರಲ್ ಕಾನೂನಿನಲ್ಲಿ ಕುಶಲಕರ್ಮಿ ಕಾರ್ಡಿಗೂ ಜಿಐಗೂ ಜಾಗವಿಲ್ಲ. 12 ವರ್ಷದವರೆಗಿನ ಮಕ್ಕಳ ವಸ್ತುಗಳಿಗೆ 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯ್ದೆ, ಆಟಿಕೆಗೆ ಅದರ ಜೊತೆ ಅಲ್ಲಿನ ಆಟಿಕೆ ಮಾನದಂಡ ಎಎಸ್‌ಟಿಎಂ ಎಫ್963 ಅನ್ವಯ. ಸೀಸದ ಅಂಕಿ ಅಲ್ಲೂ 90 ಪಿಪಿಎಂ, ಆದರೆ ಅದು ಆಮ್ಲಕ್ಕೆ ಇಳಿದ ಸೀಸದ್ದಲ್ಲ, ಬಣ್ಣದಲ್ಲಿರುವ ಒಟ್ಟು ಸೀಸದ್ದು. ಇಲ್ಲಿನ ವರದಿಯಲ್ಲಿ ಪಾಸಾದ ಬಣ್ಣ ಅಲ್ಲಿ ಫೇಲಾಗುವುದು ಇದೇ ಕಾರಣಕ್ಕೆ. ಪರೀಕ್ಷೆಗೆ ಕೊಡುವಾಗಲೇ ಎರಡನ್ನೂ ಕೇಳಿ. ಅಲ್ಲಿನ ಸುರಕ್ಷತಾ ಆಯೋಗ ಸಿಪಿಎಸ್‌ಸಿ ಒಪ್ಪಿದ ಪ್ರಯೋಗಾಲಯದ ವರದಿಯೇ ಆಗಬೇಕು. ಬಣ್ಣ ಬಳಿಯದ ಮರಕ್ಕೆ ಸೀಸದ ಪರೀಕ್ಷೆ ಬೇಕಿಲ್ಲ. ಪ್ರಮಾಣಪತ್ರ ಕೊಡುವುದು ಆಮದುದಾರನ ಕೆಲಸ, ಅದಕ್ಕೆ ಬೇಕಾದ ವರದಿ ಕೇಳುವುದು ನಿಮ್ಮನ್ನೇ. ಸಾಗಿಸುವ ಮರದ ಪೆಟ್ಟಿಗೆಯ ಹಲಗೆಗಳೂ ಶಾಖೋಪಚಾರದ ಅಥವಾ ಧೂಮೋಪಚಾರದ ಮುದ್ರೆ ಹೊತ್ತಿರಬೇಕು, ಇಲ್ಲದಿದ್ದರೆ ಬಂದರಿನಲ್ಲೇ ಮಾಲು ನಿಲ್ಲುತ್ತದೆ.

ಗೊಂಬೆಯ ಮೇಲೆ ಮತ್ತು ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ಊರು, ತಯಾರಿಸಿದ ದಿನಾಂಕ, ಬ್ಯಾಚ್ ತಿಳಿಯುವ ಅಳಿಸಲಾಗದ ಗುರುತು ಬೇಕು. ಕಾಗದದ ಚೀಟಿ ಬಿದ್ದುಹೋಗುವುದರಿಂದ ತಳದಲ್ಲಿ ಸುಟ್ಟು ಬರೆಯುವುದು ಒಳ್ಳೆಯದು. ಗುರುತು ಬರೆಯಲು ಒಂದು ರೂಪಾಯಿಯಗಲದ ಜಾಗವನ್ನು ಬಣ್ಣ ಬಳಿಯುವಾಗಲೇ ಬಿಟ್ಟಿರಿ.