ಸಿಯಾಟಲ್‌ಗೆ ಹೊಸದಾಗಿ ಬಂದವರಿಗೆ: ಬಿಸಿಲಿಗೆ ಕಾಯಬೇಡಿ, ಹೊರಡಿ

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್ ಕಡೆಗೆ ಈಗಷ್ಟೇ ಬಂದಿಳಿದ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪಾರ್ಟ್‌ಮೆಂಟ್, ಬ್ಯಾಂಕ್ ಅಕೌಂಟ್, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಸ್ಕೂಲು, ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಇಲ್ಲಿನ ಪಾರ್ಕು, ನೀರಿನ ದಂಡೆ, ಬೆಟ್ಟದ ತುದಿಗಳ ವಿಷಯ. ಎಲ್ಲ ಒಂದು ಹದಕ್ಕೆ ಬರಲಿ, ಆಮೇಲೆ ನೋಡೋಣ ಎಂದು ಬಹಳ ಜನ ಇದನ್ನು ಮುಂದಕ್ಕೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ವಾರದಿಂದಲೇ ಹೊರಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಲ್ಲಿನ ಮೊದಲ ಚಳಿಗಾಲ ಕಷ್ಟ. ಅಕ್ಟೋಬರ್‌ನಲ್ಲಿ ಹಿಡಿದ ಮೋಡ, ಜಿಟಿಜಿಟಿ ಮಳೆ ಮೇವರೆಗೂ ಪೂರ್ತಿ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಆಫೀಸಿಗೆ ಹೋಗುವವರಿಗೆ ಹೇಗೋ ನಾಲ್ಕು ಜನರ ಮುಖ ಕಾಣುತ್ತದೆ. ವರ್ಕ್ ಪರ್ಮಿಟ್ ಇಲ್ಲದೆ ಮನೆಯಲ್ಲೇ ಉಳಿಯುವ ಹೆಂಡತಿಗೋ ಗಂಡನಿಗೋ ಆ ತಿಂಗಳುಗಳು ತುಂಬಾ ಭಾರ. ಬಿಸಿಲು ಬರಲಿ ಎಂದು ಕಾಯುತ್ತಾ ಕೂತರೆ ಜುಲೈವರೆಗೆ ಕಾಯಬೇಕಾಗುತ್ತದೆ. ಒಬ್ಬರೇ ಮನೆಯಲ್ಲಿರುವವರಿಗೆ ನನ್ನ ಮೊದಲ ಮಾತು ಇದು: ನಡೆದು ಹೋಗಬಹುದಾದ ಒಂದು ಪಾರ್ಕನ್ನು ಹುಡುಕಿಕೊಳ್ಳಿ. ದಿನಾ ಮಧ್ಯಾಹ್ನ ಊಟವಾದ ಮೇಲೆ, ಬೆಳಕಿರುವಾಗಲೇ, ಅಲ್ಲಿಗೆ ಒಂದು ಸುತ್ತು ಹೋಗಿ ಬನ್ನಿ. ಅದೇ ನಾಯಿಗಳು, ಅದೇ ಅಜ್ಜ ಅಜ್ಜಿಯರು ಎದುರಾಗುತ್ತಾರೆ. ಒಂದು ತಿಂಗಳಲ್ಲಿ ಅವರೇ ನಿಮ್ಮನ್ನು ಮಾತಾಡಿಸುತ್ತಾರೆ.

ಮಳೆಗೆ ಹೆದರುವವರು ನಾವಲ್ಲ, ಅಲ್ವಾ? ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ, ಒಂದು ಮೀಟರ್ ಆಸುಪಾಸು. ಆಗುಂಬೆಗೆ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಸಾಲದು. ಇಲ್ಲಿ ಅದು ತಿಂಗಳುಗಟ್ಟಲೆ ತುಂತುರಾಗಿ ಉದುರುತ್ತದೆ, ಅಷ್ಟೇ. ಛತ್ರಿಗಿಂತ ತಲೆ ಮುಚ್ಚುವ ಟೋಪಿ ಇರುವ ಒಳ್ಳೆಯ ರೇನ್ ಜಾಕೆಟ್ ವಾಸಿ. ಜೀನ್ಸ್ ಬೇಡ, ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದೇ ಇಲ್ಲ, ಮೈ ಕೊರೆಯುತ್ತದೆ. ಒಳಗೊಂದು ಸಿಂಥೆಟಿಕ್ ಅಥವಾ ಉಣ್ಣೆಯ ಅಂಗಿ, ನೀರು ಹಿಡಿಯದ ಶೂ ಇದ್ದರೆ ಸಾಕು. ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಿಲ್ಲ. ಇದೇ ಊರಿನಲ್ಲಿ 1938ರಲ್ಲಿ ಹುಟ್ಟಿದ, ಬೆಟ್ಟ ಹತ್ತುವವರ ಸಾಮಾನು ಮಾರುವ ಆರ್‌ಇಐ ಅಂಗಡಿಯಲ್ಲಿ ಬಳಸಿದ ಸಾಮಾನುಗಳೂ ಸಿಗುತ್ತವೆ.

ಮಳೆಗಾಲದಲ್ಲೇ ನೋಡಬೇಕಾದ ಜಾಗ ಎಂದರೆ ಸ್ನೋಕ್ವಾಲ್ಮಿ ಫಾಲ್ಸ್. ಸಿಯಾಟಲ್‌ನಿಂದ ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ. ಎತ್ತರ 268 ಅಡಿ, ನಮ್ಮ ಜೋಗದ ಸುಮಾರು ಮೂರನೇ ಒಂದು ಭಾಗ. ಜೋಗವನ್ನು ಏಪ್ರಿಲ್‌ನಲ್ಲಿ ನೋಡಿ ಬಂದವರು ಅರ್ಧ ನೋಡಿದಂತೆಯೂ ಅಲ್ಲ ಎಂದು ನಾವೇ ಹೇಳುತ್ತೇವೆ. ಇದೂ ಹಾಗೇ. ಆಗಸ್ಟ್‌ನ ಬಿಸಿಲಿನಲ್ಲಿ ಹೋದವರಿಗೆ ಬಂಡೆಯ ಮೇಲೆ ಸಣ್ಣ ಧಾರೆ ಕಾಣುತ್ತದೆ. ನವೆಂಬರ್‌ನಲ್ಲಿ ನಾಲ್ಕು ದಿನ ಜೋರು ಮಳೆ ಹೊಡೆದ ಮೇಲೆ ಹೋಗಿ. ಬಂಡೆಯೇ ಕಾಣುವುದಿಲ್ಲ, ಅಗಲಕ್ಕೂ ಕೆಂಪು ಮಿಶ್ರಿತ ಬಿಳಿ ನೀರು. ಕಟಾಂಜನದ ಹತ್ತಿರ ನಿಂತವರ ಕನ್ನಡಕ ಒರೆಸಿದಷ್ಟೂ ಮತ್ತೆ ಹನಿ ಕಟ್ಟುತ್ತದೆ. ಪಕ್ಕದಲ್ಲಿರುವವರ ಮಾತು ಕೇಳಿಸುವುದಿಲ್ಲ. ಮೇಲಿನ ವ್ಯೂ ಪಾಯಿಂಟ್‌ಗೆ ನಡಿಗೆ ಸ್ವಲ್ಪವೇ, ವೀಲ್‌ಚೇರ್ ಕೂಡ ಹೋಗುತ್ತದೆ. ಕೆಳಗಿನ ದಾರಿ ಕಡಿದು. ಮಂಡಿ ನೋವಿರುವವರು ಇಳಿದ ಮೇಲೆ ಹತ್ತಬೇಕು ಎಂಬುದನ್ನು ನೆನಪಿಡಿ. ಇಲ್ಲಿ 1899ರಲ್ಲೇ ಬಂಡೆಯ ಒಳಗೆ ಕೊರೆದು ವಿದ್ಯುತ್ ಕೇಂದ್ರ ಕಟ್ಟಿದರು, ನಮ್ಮ ಶಿವನಸಮುದ್ರಕ್ಕಿಂತ ಮೂರು ವರ್ಷ ಮುಂಚೆ. ಅದಕ್ಕೂ ಮುಂಚಿನಿಂದ ಇದು ಸ್ನೋಕ್ವಾಲ್ಮಿ ಬುಡಕಟ್ಟಿನವರಿಗೆ ಪೂಜ್ಯ ಸ್ಥಳ. ಪುಣ್ಯಕ್ಷೇತ್ರದಲ್ಲಿ ನಡೆದುಕೊಳ್ಳುವ ಹಾಗೇ ಇಲ್ಲೂ ನಡೆದುಕೊಳ್ಳೋಣ.

ಕಾರಿಲ್ಲ ಎನ್ನುವುದು ಹೊಸಬರ ದೊಡ್ಡ ಚಿಂತೆ. ಊರೊಳಗಿನ ಒಳ್ಳೆಯ ಜಾಗಗಳಿಗೆಲ್ಲ ಬಸ್ಸಿದೆ. ಬಸ್ಸು, ರೈಲಿಗೆ ದುಡ್ಡು ಕಟ್ಟುವ ಓರ್ಕಾ ಕಾರ್ಡ್ ಒಂದನ್ನು ಮಾಡಿಸಿಕೊಳ್ಳಿ. ಕ್ವೀನ್ ಆ್ಯನ್ ದಿಬ್ಬದ ಮೇಲಿರುವ ಕೆರಿ ಪಾರ್ಕ್ ತೀರಾ ಚಿಕ್ಕದು. ಸಿಯಾಟಲ್ ಎಂದರೆ ಎಲ್ಲರೂ ತೋರಿಸುವ ಆ ಫೋಟೋ, ಮುಂದೆ 605 ಅಡಿಯ ಸ್ಪೇಸ್ ನೀಡಲ್ ಗೋಪುರ, ಹಿಂದೆ ಮೌಂಟ್ ರೇನಿಯರ್ ಎಂಬ ಹಿಮದ ಬೆಟ್ಟ, ಬರುವುದು ಇಲ್ಲಿಂದಲೇ. ಮೋಡವಿದ್ದರೆ ರೇನಿಯರ್ ಇಲ್ಲವೇ ಇಲ್ಲ ಎನ್ನುವಂತೆ ಮಾಯವಾಗಿರುತ್ತದೆ. ಆದರೂ ಸಂಜೆ ದೀಪ ಹತ್ತುವ ಹೊತ್ತಿಗೆ ಹೋಗಿ. ಅಕ್ಕಪಕ್ಕ ಎಲ್ಲ ಮನೆಗಳು, ಹಾಗಾಗಿ ಗದ್ದಲ ಬೇಡ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಗ್ಯಾಸ್ ವರ್ಕ್ಸ್ ಪಾರ್ಕ್. ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸುತ್ತಿದ್ದ ಹಳೇ ಕಾರ್ಖಾನೆ 1956ರಲ್ಲಿ ನಿಂತುಹೋಯಿತು. ತುಕ್ಕು ಹಿಡಿದ ಗೋಪುರಗಳನ್ನು ಕೆಡವದೆ ಉಳಿಸಿಕೊಂಡು ಸುತ್ತಲೂ ಪಾರ್ಕು ಮಾಡಿ 1975ರಲ್ಲಿ ಜನರಿಗೆ ಬಿಟ್ಟರು. ಅಲ್ಲಿನ ಕೈಟ್ ಹಿಲ್ ಮೇಲೆ ಸದಾ ಗಾಳಿ. ಗಾಳಿಪಟ ಹಾರಿಸಲು ಮಕ್ಕಳನ್ನು ಕರೆದುಕೊಂಡು ಹೋಗಿ. ಎದುರಿಗೆ ಲೇಕ್ ಯೂನಿಯನ್, ಅದರ ಮೇಲಿಂದಲೇ ಸೀಪ್ಲೇನ್‌ಗಳು ಹಾರುತ್ತವೆ, ಇಳಿಯುತ್ತವೆ.

ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವಂದಿರಿಗೆ ಎರಡು ಜಾಗ. ಒಂದು, ಬೇನ್‌ಬ್ರಿಜ್ ದ್ವೀಪದ ಫೆರಿ. ಕಾರು ಬೇಡ, ಸುಮ್ನೆ ನಡೆದು ಹತ್ತಿ. 35 ನಿಮಿಷದ ದಾರಿ. ಡೆಕ್ ಮೇಲೆ ನಿಂತರೆ ಇಡೀ ನಗರ ಹಿಂದೆ ಸರಿಯುತ್ತಾ ಹೋಗುತ್ತದೆ. ನಡೆದು ಹತ್ತುವವರಿಗೆ ಹೋಗುವಾಗ ಮಾತ್ರ ಟಿಕೆಟ್, ಬರುವಾಗ ಇಲ್ಲ. 18 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ.

ಇನ್ನೊಂದು, ಬ್ಯಾಲಾರ್ಡ್ ಲಾಕ್ಸ್. ಕೆರೆಯ ಮಟ್ಟದಿಂದ ಸಮುದ್ರದ ಮಟ್ಟಕ್ಕೆ ದೋಣಿಗಳನ್ನು ಇಳಿಸುವ, ಏರಿಸುವ ಈ ವ್ಯವಸ್ಥೆ 1917ರಿಂದ ನಡೆಯುತ್ತಿದೆ. ನೋಡಲು ದುಡ್ಡು ಕೊಡಬೇಕಿಲ್ಲ. ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋದರೆ ಮೀನಿನ ಏಣಿಯ, ಅಂದರೆ ಮೀನುಗಳು ಹತ್ತಿ ಹೋಗಲೆಂದು ಕಟ್ಟಿದ ಮೆಟ್ಟಿಲುಗಳ, ಪಕ್ಕದ ಗಾಜಿನ ಕಿಟಕಿಯಲ್ಲಿ ಸಾಲ್ಮನ್ ಮೀನುಗಳು ಕಾಣುತ್ತವೆ. ಸಮುದ್ರ ಬಿಟ್ಟು, ತಾವು ಹುಟ್ಟಿದ ಹೊಳೆಗೆ ಮೊಟ್ಟೆಯಿಡಲು ವಾಪಸ್ ಹೊರಟವು. ಮೈಮೇಲೆ ಗಾಯ, ಹರಿದ ರೆಕ್ಕೆ. ನೀರಿನ ಸೆಳೆತಕ್ಕೆ ಎದುರಾಗಿ ಬಾಲ ಬಡಿಯುತ್ತಾ ಅಲ್ಲೇ ನಿಂತಿರುತ್ತವೆ, ಇದ್ದಕ್ಕಿದ್ದಂತೆ ಮುಂದಿನ ಮೆಟ್ಟಿಲಿಗೆ ನುಗ್ಗುತ್ತವೆ. ನಮ್ಮ ಅತ್ತೆ ಆ ಗಾಜಿಗೆ ಕೈಯಿಟ್ಟು, "ಬಸುರಿ ತವರಿಗೆ ಹೊರಟಂಗಿದೆ, ಪಾಪ" ಎಂದು ಅಲ್ಲಿಂದ ಏಳಲೇ ಇಲ್ಲ. ಒಳಗೆ ತಂಪು, ಹೊರಗೆ ಹೂತೋಟ, ಕೂರಲು ಬೆಂಚುಗಳಿವೆ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಮಧ್ಯಾಹ್ನ ನನಗೆ ಗೊತ್ತಿಲ್ಲ.

ಬೆಟ್ಟ ಹತ್ತುವ ಆಸೆಯಿದ್ದರೆ ರ್‍ಯಾಟಲ್‌ಸ್ನೇಕ್ ಲೆಜ್‌ನಿಂದ ಶುರು ಮಾಡಿ. ಹೋಗಿ ಬರಲು ಸುಮಾರು 4 ಮೈಲಿ, ಏರು 1,160 ಅಡಿ. ಹೆಸರು ಕೇಳಿ ಗಾಬರಿಯಾಗಬೇಡಿ, ಕ್ಯಾಸ್ಕೇಡ್ ಬೆಟ್ಟಸಾಲಿನ ಈ ಕಡೆ ಆ ಹಾವು ಇಲ್ಲ. ಹೆದರಬೇಕಾದ್ದು ತುದಿಯ ಬಂಡೆಗೆ. ಅಲ್ಲಿ ಕಟಾಂಜನವಿಲ್ಲ, ಅಂಚಿನಿಂದ ಕೆಳಗೆ ನೇರ ಪ್ರಪಾತ. ಮಕ್ಕಳ ಕೈ ಬಿಡಬೇಡಿ. ಫೋಟೋಗಾಗಿ ಅಂಚಿಗೆ ಹೋಗಬೇಡಿ. ಹಿಂದೆ ನಿಂತರೂ ಕಣಿವೆ ಅಷ್ಟೇ ಚೆನ್ನಾಗಿ ಕಾಣುತ್ತದೆ. ಕೆಳಗಿನ ಕೆರೆಯನ್ನು ನೋಡದೆ ಬರಬೇಡಿ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ದೊಡ್ಡ ದೊಡ್ಡ ಮರದ ಬೊಡ್ಡೆಗಳು ಮೇಲೇಳುತ್ತವೆ. ಅಲ್ಲಿ ಮಾಂಕ್ಟನ್ ಎಂಬ ಊರಿತ್ತು. ಮೇಲೆ ಹೊಸದಾಗಿ ಕಟ್ಟಿದ ಅಣೆಕಟ್ಟಿನ ನೀರು ನೆಲದೊಳಗಿಂದ ಜಿನುಗಿ, 1915ರಲ್ಲಿ ದಿನದಿನಕ್ಕೂ ಏರುತ್ತಾ ಊರನ್ನು ಮುಳುಗಿಸಿತು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ, ತೋಟ ಬಿಟ್ಟು ಬಂದ ಕುಟುಂಬದವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ದಂಡೆಯಲ್ಲಿ ಏನನ್ನೂ ವಿವರಿಸಿ ಹೇಳಬೇಕಿಲ್ಲ.

ಬೇಸಿಗೆಯ ಶನಿವಾರ, ಭಾನುವಾರ ಇಲ್ಲಿ ಬೆಳಗ್ಗೆಯೇ ಪಾರ್ಕಿಂಗ್ ತುಂಬುತ್ತದೆ. ಏಳೂವರೆಗೆ ಅಲ್ಲಿರಿ, ಇಲ್ಲವೇ ವಾರದ ಮಧ್ಯೆ ಸಂಜೆ ಹೋಗಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಗೇಟ್ ಮುಚ್ಚುವ ಹೊತ್ತನ್ನು ಮಾತ್ರ ಬೋರ್ಡ್‌ನಲ್ಲಿ ಓದಿಕೊಳ್ಳಿ.

ಪಾಸ್‌ಗಳ ವಿಷಯ ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಸ್ಟೇಟ್ ಪಾರ್ಕ್‌ಗಳಿಗೆ ಡಿಸ್ಕವರ್ ಪಾಸ್ ಬೇಕು. ನ್ಯಾಷನಲ್ ಫಾರೆಸ್ಟ್‌ನ ಬಹಳಷ್ಟು ಟ್ರೇಲ್‌ಗಳಿಗೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್. ಎಲ್ಲ ನ್ಯಾಷನಲ್ ಪಾರ್ಕ್‌ಗಳಿಗೂ ಸಲ್ಲುವ ವಾರ್ಷಿಕ ಪಾಸ್ ಫಾರೆಸ್ಟ್‌ನಲ್ಲೂ ನಡೆಯುತ್ತದೆ, ಆದರೆ ಡಿಸ್ಕವರ್ ಪಾಸ್ ಕೇಳುವ ಕಡೆ ನಡೆಯುವುದಿಲ್ಲ. ರ್‍ಯಾಟಲ್‌ಸ್ನೇಕ್ ಲೆಜ್‌ಗೆ ಯಾವುದೂ ಬೇಡ. ಲೈಬ್ರರಿ ಕಾರ್ಡ್ ಇದ್ದರೆ ಡಿಸ್ಕವರ್ ಪಾಸನ್ನು ಪುಸ್ತಕದ ಹಾಗೆ ಎರವಲು ತರಬಹುದು. ಕೊಳ್ಳುವ ಮುಂಚೆ ಅಲ್ಲಿ ಕೇಳಿ. ಯಾವ ಟ್ರೇಲ್‌ಗೆ ಯಾವ ಪಾಸ್, ದಾರಿಯಲ್ಲಿ ಹಿಮ ಇದೆಯೇ, ಮರ ಬಿದ್ದಿದೆಯೇ, ಇದೆಲ್ಲ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್‌ನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೊನ್ನೆ ಹೋಗಿ ಬಂದವರು ಬರೆದದ್ದನ್ನು ಓದಿ ಹೊರಡಿ.

ಕೆಲವು ಮಾತುಗಳನ್ನು ಮನೆಯವರಿಗೆ ಹೇಳಿದ ಹಾಗೆ ಹೇಳುತ್ತೇನೆ. ಟ್ರೇಲ್‌ ಬುಡದಲ್ಲಿ ನಿಲ್ಲಿಸಿದ ಕಾರಿನ ಗಾಜು ಒಡೆದು ಕದಿಯುವವರಿದ್ದಾರೆ. ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಇರುವ ಬ್ಯಾಗನ್ನು ಕಾರಿನಲ್ಲಿ ಬಿಡಲೇಬೇಡಿ. ಕಳೆದುಹೋದ ಪಾಸ್‌ಪೋರ್ಟ್‌ಗಾಗಿ ಅಲೆಯುವುದು ಯಾರಿಗೂ ಬೇಡ. ಬೆಟ್ಟದ ಕಡೆಯ ನದಿ, ಕೆರೆಗಳ ನೀರು ಹಿಮ ಕರಗಿ ಬಂದದ್ದು, ಜುಲೈನ ಸೆಕೆಯಲ್ಲೂ ಕೊರೆಯುತ್ತದೆ. ಈಜು ಬರುವವರಿಗೂ ಕೈಕಾಲು ಆಡದಂತಾಗುತ್ತದೆ. ನಮ್ಮ ಕಡೆಯ ಹುಡುಗರು ಹೊಳೆ ಕಂಡರೆ ಇಳಿಯುವವರು, ಅದಕ್ಕೇ ಭಯ. ಬೆಟ್ಟಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗಾದರೂ ತಿಳಿಸಿ. ತಲೆಗೆ ಕಟ್ಟುವ ಟಾರ್ಚ್ ಹಗಲಲ್ಲಿ ಹೊರಟರೂ ಇರಲಿ. ಅಲ್ಲಿನ ಶೌಚಾಲಯಗಳಲ್ಲಿ ಸಾಮಾನ್ಯವಾಗಿ ನೀರಿರುವುದಿಲ್ಲ, ಬಾಟಲಿ ತುಂಬಿಕೊಂಡೇ ಹೋಗಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಕವಿದ ದಿನ ಮಕ್ಕಳನ್ನು, ಉಬ್ಬಸ ಇರುವವರನ್ನು ಹೊರಡಿಸಬೇಡಿ.

ಊಟಕ್ಕೆ ಪುಳಿಯೋಗರೆ, ಚಿತ್ರಾನ್ನ, ಚಪಾತಿ ಪಲ್ಯ ಯಾವುದಾದರೂ ಸರಿ. ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತನ್ನಿ, ಅಲ್ಲಿ ಬೇಗ ಕೊಳೆಯುವುದಿಲ್ಲ, ಪ್ರಾಣಿಗಳಿಗೆ ಕೆಟ್ಟ ಚಟ ಹತ್ತುತ್ತದೆ. ದಾರಿಯಲ್ಲಿ ಹತ್ತುತ್ತಿರುವವರಿಗೆ ಇಳಿಯುವವರು ಜಾಗ ಬಿಡುವುದು ಇಲ್ಲಿನ ಪದ್ಧತಿ. ಸ್ಪೀಕರ್‌ನಲ್ಲಿ ಹಾಡು ಹಾಕಬೇಡಿ.

14,410 ಅಡಿಯ ರೇನಿಯರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಆ ಬೆಟ್ಟದ ಮೇಲಿನ ಪ್ಯಾರಡೈಸ್ ಎಂಬ ಜಾಗಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ. ಹೂವು ನೋಡಬೇಕಾದರೆ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದೊಳಗೆ ಹೋಗಿ. ಜೂನ್‌ನಲ್ಲೂ ಅಲ್ಲಿ ಆಳೆತ್ತರ ಹಿಮ ಇರಬಹುದು. ನವೆಂಬರ್ 1ರಿಂದ ಮೇ 1ರವರೆಗೆ ಪ್ರತಿ ಕಾರಿನಲ್ಲೂ ಟೈರಿಗೆ ಹಾಕುವ ಚೈನ್ ಇರಲೇಬೇಕು. ಹಿಮದಲ್ಲಿ ಓಡಿಸಿ ಗೊತ್ತಿಲ್ಲದವರು ಮೊದಲ ವರ್ಷ ತಾವೇ ಓಡಿಸಿಕೊಂಡು ಹೋಗುವ ಸಾಹಸ ಮಾಡಬೇಡಿ. ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಕೇಳಿ. ವಾರಾಂತ್ಯಕ್ಕೆ ಹೊರಟ ಕಾರುಗಳಲ್ಲಿ ಒಂದೆರಡು ಸೀಟು ಖಾಲಿ ಇದ್ದೇ ಇರುತ್ತದೆ. ನಾಲ್ಕು ಜನ ಒಂದೇ ಕಾರಿನಲ್ಲಿ ಹೋದರೆ ಪಾರ್ಕಿಂಗ್ ಸಿಗುವುದೂ ಸುಲಭ. ಕೇಳಲು ಸಂಕೋಚ ಪಡಬೇಡಿ.